ಪರದೆ ಹಿಂದಿನ ಸೀಟಿ

ಥೇಮ್ಸ್ ದಡದ ನಾಟಕಶಾಲೆಯ ಬಾಗಿಲಲ್ಲಿ ಪೆನ್ನಿ ಹಿಡಿದು ಸಾಲಾಗಿ ನಿಂತಿದ್ದೆವು. ನನ್ನ ಮುಂದಿದ್ದ ಗಂಡ ಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಇದು ನಾಲ್ಕನೇ ಸಲ, ಸಿಸಿಲಿ. ನಾಟಕದ ಶುರುವಿನ ಹಡಗು, ಬಿರುಗಾಳಿ ದೃಶ್ಯ ಮುಗೀತಿದ್ದ ಹಾಗೇ ಹೊರಟು ಬರ್ತೀಯಂತೆ.”

“ನಂಗೆ ಅಷ್ಟೇ ಸಾಕು.”

“ಕಪ್ತಾನನ ವೇಷದವನು ನೋಡೋಕೆ ಚೆನ್ನಾಗಿದಾನೇನೋ.”

“ನಾನು ಕಣ್ಣು ಮುಚ್ಕೊಂಡೇ ನಿಂತಿರ್ತೀನಿ, ಗಿಲ್ಬರ್ಟ್.”

“ಕಣ್ಣು ಮುಚ್ಚೋಕೆ ಪೆನ್ನಿ ಕೊಡ್ಬೇಕಾ?”

“ಪರದೆ ಹಿಂದೆ ಯಾರೋ ಸೀಟಿ ಊದ್ತಾರೆ. ಹಾಯಿ ಇಳಿಸೋಕೆ ಊದೋ ಸೀಟಿ.”

“ಎಲ್ಲಾ ಹಡಗಲ್ಲೂ ಊದ್ತಾರೆ.”

“ಕೊನೇಲಿ ಒಂದು ಚಣ ಉಸಿರು ನಿಲ್ಲಿಸಿ ಸೀಟೀನ ಮತ್ತೊಂದ್ಸಲ ಎಳೆಯೋನು ನಮ್ಮ ರೇಫ್ ಒಬ್ಬನೇ.”

“ನಿನ್ನ ಮೊದಲ ಗಂಡ ಸತ್ತು ಮೂರು ವರ್ಷ ಆಯ್ತಲ್ಲೇ.”

“ಹಂಗಂತ ಬಂದು ಹೇಳಿದ್ದು ನೀನು. ಇಬ್ರೂ ಒಂದೇ ಹಡಗಲ್ಲಿದ್ರಿ. ಅವನು ಮುಳುಗಿದ್ದನ್ನ ಕಣ್ಣಾರೆ ಕಂಡೆ ಅಂದೆ.”

“ಸೀಟಿ ಯಾರಿಗೆ ಬೇಕಾದ್ರೂ ಬರುತ್ತೆ.”

“ಹಂಗಿದ್ರೆ ಬಾ. ಇವತ್ತು ನೀನೂ ಕೇಳು.”

ಸಾಲು ಸರಿಯಿತು. ಅವಳು ಇಬ್ಬರ ಪೆನ್ನಿಯನ್ನೂ ಡಬ್ಬಿಗೆ ಹಾಕಿ, ತಿರುಗಿ ನೋಡದೆ ಒಳಗೆ ಹೋದಳು. ಅವನು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟ. ಆಮೇಲೆ ನನ್ನ ಹಿಂದಿದ್ದವರಿಗೂ ಬಿಟ್ಟ.