ತಾತನ ತಟ್ಟೆ

ಬಸ್ಸಿಗೆ ಕಾಯುತ್ತಿದ್ದ ದರ್ಜಿಯ ಕಿವಿ ಪಕ್ಕದ ಬೆಂಚಿನತ್ತ ವಾಲಿತು. ಅಲ್ಲಿ ಬೀದಿನಾಯಿಗಳ ಆಶ್ರಯಧಾಮದ ಅಡುಗೆಯಾಕೆಯೂ ವ್ಯಾನ್ ಡ್ರೈವರೂ ಕೂತಿದ್ದರು.

“ತಾತನ್ನ ಹೊಸ ಮನೆಯೋರು ಕರ್ಕೊಂಡ್ ಹೋಗೋವಾಗ ಎಲ್ಲಿ ಮಾಯವಾಗಿದ್ದೆ ಅಕ್ಕಾ?”

“ಸ್ಟೋರ್ ರೂಮಲ್ಲಿದ್ದೆ. ನನ್ ಮುಖ ಕಂಡಿದ್ರೆ ಆ ಮುದಿ ನಾಯಿ ಕಾರು ಹತ್ತುತ್ತಿತ್ತಾ? ಹೋಗ್ತಾ ತಿರುಗಿ ನೋಡಿದ್ನಾ?”

“ಎಲ್ಲಿ! ಮದುವೆ ಗಂಡಿನ ಥರ ಮುಂದಿನ ಸೀಟಲ್ಲೇ ಕೂತ.” ಡ್ರೈವರ್ ಎದೆಯುಬ್ಬಿಸಿ, ನಾಲಿಗೆ ಚಾಚಿ ತೋರಿಸಿದ.

“ನಿಯತ್ತಿಲ್ಲದ ಮುಂಡೇದು! ನಾಲ್ಕು ವರ್ಷ ಕಲಸಿ ಹಾಕಿದೀನಿ.” ಆಕೆ ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡಳು.

“ಒಳ್ಳೇದೇ ಆಯ್ತಲ್ಲಕ್ಕಾ. ಅವನ ತಟ್ಟೆ ಹೊಸ ಮರಿಗೆ ಕೊಟ್ಯಾ?”

“ತೊಳೆದಿಟ್ಟಿದೀನಿ.”

“ಕೊಡೋದು ಯಾವಾಗ?”

“ನಾಳೆ ಕೊಡ್ತೀನಿ ಕಣೋ. ಇವತ್ತೊಂದಿನ ಒಣಗ್ಲಿ ಬಿಡು.”

ಅವರ ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು.