ಕಟ್ಟದೆ ಉಳಿದ ಮೂರು ಕುಚ್ಚು

ನಾನು ಆಡೋ ಮಾತಲ್ಲಿ ಮುಕ್ಕಾಲು ಪಾಲು ಸುಳ್ಳು ಅಂತ ಹನಕೆರೆ ಸ್ಟೇಷನ್ನಿನ ಕಾಗೆಗಳಿಗೂ ಗೊತ್ತು. ಹುಲಿಗೆ ಬೀಡಿ ಹಚ್ಚಿಕೊಟ್ಟಿದ್ದು, ಮದ್ದೂರಲ್ಲಿ ಕೂತ ಜಾಗದಲ್ಲೇ ನಲವತ್ತು ವಡೆ ತಿಂದು ಎದ್ದು ಓಡಿ ರೈಲು ಹಿಡಿದಿದ್ದು... ಅವೆಲ್ಲ ಆ ಮುಕ್ಕಾಲಿಗೆ ಸೇರಿದ್ದು. ಇವತ್ತು ಹೇಳ್ತಿರೋದು ಉಳಿದ ಕಾಲು. ದೀಪ ಸಣ್ಣಗೆ ಮಾಡಿ. ಬಾಗಿಲು ಹಾಕಿ... ಬೇಡ, ಬಾಗಿಲು ತೆಗೆದೇ ಇರಲಿ.

ಇದು ನಡೆದದ್ದು ನನ್ನ ಭಾವಮೈದ ಸ್ವಾಮಿಗೆ. ಹಲಗೂರಿನವನು, ರೇಷ್ಮೆ ಹುಳ ಸಾಕೋನು. ನನ್ನ ತಂಗಿ ಮಲ್ಲಿಗಮ್ಮನ ಗಂಡ.

ಮಲ್ಲಿ ಸೀರೆಗೆ ಕುಚ್ಚು ಕಟ್ಟೋಳು. ಮಳವಳ್ಳಿ ಕಡೆ ಮದುವೆಯಲ್ಲಿ ಸೆರಗು ತೂಗಿದರೆ ಅರ್ಧ ಅವಳದೇ ಕೈಗೆಲಸ. ಗೋಡೆಗೆ ಒರಗಿ ಕಾಲು ಚಾಚಿ, ದಾರದ ತುದಿಯನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ಬಿಗಿಯಾಗಿ ಎಳೆದು ಗಂಟು ಹಾಕಿ ಹಲ್ಲಲ್ಲಿ ಕಚ್ಚೋಳು. ಸರ್ರ್... ಕಟ್. ಸರ್ರ್... ಕಟ್. ಹಾಗೆ ಕೂತವಳು ಸುಮ್ಮಸುಮ್ಮನೆ ಏಳಕ್ಕಾಗಲ್ಲ. ಏನಾದರೂ ಬೇಕಿದ್ದರೆ ಪಕ್ಕದ ನೀರಿನ ಲೋಟ ತಗೊಂಡು ನೆಲಕ್ಕೆ ಎರಡು ಸಲ ಕುಟ್ಟೋಳು. ಟಣ್, ಟಣ್. ಸ್ವಾಮಿ ಬರೋನು. ಕಾಲು ಜೋಮು ಹಿಡಿದಿದ್ದರೆ ದಾರವನ್ನ ಬಿಚ್ಚಿ ಅವನ ಹೆಬ್ಬೆರಳಿಗೆ ಕಟ್ಟಿ ಕೂರಿಸೋಳು. "ಗಂಡನ್ನ ಕಟ್ಟಾಕೋದು ಅಂದ್ರೆ ಇದೇ ಕಣಣ್ಣ" ಅಂತ ನನ್ನ ಕಡೆ ತಿರುಗಿ ನಗೋಳು.

ಆ ವರ್ಷ ಜೂನಲ್ಲಿ ಒಂದು ರಾತ್ರಿ ಲೋಟ ಕುಟ್ಟಿದಳು. ಹುಳ ನಾಲ್ಕನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಟ್ಟು ಎದ್ದು ಸೊಪ್ಪಿಗೆ ಬಾಯಿಬಾಯಿ ಬಿಡ್ತಿದ್ದ ಹೊತ್ತು. ಅಷ್ಟು ಹುಳ ಒಟ್ಟಿಗೆ ಸೊಪ್ಪು ತಿನ್ನೋ ಸದ್ದು ಕೇಳಿದ್ದೀರಲ್ಲ? ಹಂಚಿನ ಮೇಲೆ ಮಳೆ ಬಿದ್ದ ಹಾಗೆ. ಅದರ ನಡುವಿಂದ ಸ್ವಾಮಿ ಕೂಗಿದ, "ಇರು, ಸೊಪ್ಪು ಆಕ್ಬುಟ್ಟು ಬತ್ತೀನಿ." ಹಾಕಿ ಬಂದ. ಮಲ್ಲಿ ಗೋಡೆಗೆ ಒರಗಿದ್ದವಳು ಒರಗಿದ ಹಾಗೇ ಇದ್ದಳು. ದಾರ ಇನ್ನೂ ಹೆಬ್ಬೆರಳಲ್ಲೇ ಇತ್ತು.

ಅವನು ಅಳಲಿಲ್ಲ. ಮಣ್ಣು ಮಾಡುವಾಗಲೂ ಇಲ್ಲ, ತಿಥಿಯಲ್ಲೂ ಇಲ್ಲ. ಮಾತು ಕಮ್ಮಿಯಾಯಿತು. ಆಮೇಲೆ ನಿಂತೇ ಹೋಯಿತು. ಊಟ ಕೊಟ್ಟರೆ ಉಣ್ಣೋನು, ಕೊಡದಿದ್ದರೆ ಇಲ್ಲ. ನಾನು ಜೋಕು ಹೇಳಿದರೆ ಕಂಬಕ್ಕೆ ಹೇಳಿದ ಹಾಗೆ. ನಿಜ ಹೇಳಬೇಕು ಅಂದ್ರೆ ನನಗೂ ಒಳಗೆ ಏನೂ ಅನ್ನಿಸ್ತಿರಲಿಲ್ಲ. ಬಾಯಿ ಮಾತ್ರ ಓಡ್ತಿತ್ತು.

ಅವರ ಮಗಳು ಕವಿತ ಸ್ಕಾಟ್ಲೆಂಡಿನ ಒಂದು ದ್ವೀಪದಲ್ಲಿ, ವಯಸ್ಸಾದವರನ್ನ ನೋಡಿಕೊಳ್ಳೋ ಮನೆಯಲ್ಲಿ ನರ್ಸು. "ಅಪ್ಪನ್ನ ಒಂದ್ ತಿಂಗ್ಳು ಕರ್ಕಬಾ ತಿಮ್ಮಯ್ಯ ಮಾವ" ಅಂದಳು. ಜೊತೆಗೆ ಇಂಗ್ಲಿಷ್ ಬಲ್ಲವನು ಬೇಕಲ್ಲ. ನನ್ನ ಇಂಗ್ಲಿಷ್ ಎಂಥದು ಅಂದರೆ, ವಿಮಾನದಲ್ಲಿ ನೀರು ಕೇಳಿದ್ದಕ್ಕೆ ಆ ಹುಡುಗಿ ಕಂಬಳಿ ತಂದು ಹೊದಿಸಿದಳು. ನೀರಿಗಿಂತ ಅದೇ ಬೇಕಾಗಿತ್ತು ಅನ್ನಿ.

ನಾವು ಹೋದದ್ದು ಪಿತೃಪಕ್ಷದಲ್ಲಿ. ಮಲ್ಲಿಗೆ ಮೊದಲನೇ ಎಡೆ ಅಲ್ಲೇ ಇಡೋದು ಅಂತಾಯಿತು. ಎಡೆ ನಿಮಗೆ ಗೊತ್ತಿರೋದೇ. ಸತ್ತವರಿಗೆ ಇಷ್ಟವಾದ ಅಡುಗೆ, ಒಂದು ಹೊಸ ಬಟ್ಟೆ ಮುಂದಿಟ್ಟು, ಬಾಗಿಲು ಎಳಕೊಂಡು ಮನೆಮಂದಿಯೆಲ್ಲ ಹೊರಗೆ ನಿಲ್ಲೋದು. ಅವರು ಬಂದು ಉಂಡು ಹೋಗಲಿ ಅಂತ. ನಾವು ಒಳಗೆ ಹೋಗೋಕೆ ಮುಂಚೆ ಬಾಗಿಲು ತಟ್ಟಬೇಕು. ತಟ್ಟಿದರೆ ಬಂದವರು ಎದ್ದು ಹೋಗ್ತಾರೆ.

ಮಲ್ಲಿಗೆ ಅಂತ ಮಂಡ್ಯದಲ್ಲಿ ತೆಗೆದ ಸೀರೆ ಸೂಟ್‌ಕೇಸಲ್ಲಿತ್ತು. ನಾವು ದ್ವೀಪ ಮುಟ್ಟಿದೆವು, ಸೂಟ್‌ಕೇಸು ಮುಟ್ಟಲಿಲ್ಲ. ಅಮಾವಾಸ್ಯೆ ಬೆಳಗಾದರೂ ಸುದ್ದಿಯಿಲ್ಲ. ಅಕ್ಟೋಬರ್ ಎರಡು, ಗಾಂಧಿ ಜಯಂತಿ. ಹೊರಗೆ ಮಳೆ. ಕವಿತನಿಗೆ ಡ್ಯೂಟಿ.

ಸ್ವಾಮಿ ಎದ್ದು ಜರ್ಕಿನ್ ಹಾಕಿಕೊಂಡ. "ಒಸ ಬಟ್ಟೆ ಇಲ್ದೆ ಎಡೆ ಇಡಕ್ಕಾಗಲ್ಲ. ನಡಿ ಬಾವ." ಅವನ ಬಾಯಿಂದ ಇಷ್ಟುದ್ದ ಮಾತು ಕೇಳಿ ತಿಂಗಳಾಗಿತ್ತು.

ಬಸ್ಸು ನಮ್ಮನ್ನ ಕಡಲ ಅಂಚಿಗೆ ಇಳಿಸಿತು. ನಮ್ಮ ಕಡೆ ಮಳೆ ಮೇಲಿಂದ ಬೀಳುತ್ತೆ. ಅಲ್ಲಿ ಪಕ್ಕದಿಂದ ಬರುತ್ತೆ. ಕೊಡೆ ತೆಗೆದೆ, ಗಾಳಿ ಅದನ್ನ ಹೂ ಮಾಡಿ ಕೈಗೆ ಕೊಟ್ಟಿತು. ಕರೀ ಬಂಡೆಗಳ ಮೇಲೆ ನೀರು ಗುದ್ದುತ್ತಿತ್ತು. ಧಡ್... ಆಮೇಲೆ ಹಿಂದಕ್ಕೆ ಜಾರೋವಾಗ ಕಲ್ಲುಗಳ ಗೊರಗೊರ. ಮೀಸೆ ಬಂದ ಎಮ್ಮೆಗರುವಿನ ಥರದ್ದೊಂದು ಪ್ರಾಣಿ, ಸೀಲ್ ಅಂತೆ ಅದು, ನೀರಿಂದ ತಲೆ ಎತ್ತಿ ನಮ್ಮನ್ನೇ ನೋಡಿತು.

"ನಿಮ್ ಕಡೇರು ಅಂತ ಗುರ್ತು ಸಿಕ್ತೇನೋ" ಅಂದೆ.

ಸ್ವಾಮಿ ಕಡಲು ನೋಡ್ತಿದ್ದ. "ಇಷ್ಟೊಂದ್ ನೀರು ದಾಟಿ ಬತ್ತಾಳಾ ಬಾವ?"

ನಾನು ಹೂವಾದ ಕೊಡೆಯನ್ನ ಮಡಿಸೋಕೆ ನೋಡಿದೆ. ಆಗದೆ ಹಾಗೇ ಕಂಕುಳಲ್ಲಿ ಇಟ್ಟುಕೊಂಡು ಮುಂದೆ ನಡೆದೆ.

ಕಡಲ ದಾರಿ ಉದ್ದಕ್ಕೂ ಕೈಗೆಲಸದ ಅಂಗಡಿಗಳು. ಒಂದರಲ್ಲಿ ಬರೀ ಮಣ್ಣಿನ ಬಟ್ಟಲು. ಇನ್ನೊಂದರಲ್ಲಿ ಸೋಪು, ಮೇಣದಬತ್ತಿ, ಚಿಪ್ಪಿನ ಓಲೆ. ಬಟ್ಟೆ ಅಂತ ಕೇಳಿದ್ದಕ್ಕೆ ಅಲ್ಲಿನ ಗಡ್ಡದವನು ಕುರಿಚಿತ್ರದ ಒಂದು ಅಡುಗೆಮನೆ ಟವಲ್ ತೋರಿಸಿದ.

"ಮಲ್ಲಿ ಇದನ್ನ ಉಟ್ಕಂಡ್ರೆ ಯಮನೂ ವಾಪಸ್ ಕಳಿಸ್ತಾನೆ" ಅಂದೆ. ಸ್ವಾಮಿ ಟವಲ್ಲನ್ನ ಮಡಿಸಿ ಅವನ ಕೈಗೆ ಕೊಟ್ಟು ಹೊರಗೆ ನಡೆದ. ಮಳೆಯಲ್ಲಿ ನೆಂದು ನನ್ನ ಬೆರಳುಗಳು ನನ್ನವು ಅನ್ನಿಸೋದು ನಿಂತಿತ್ತು. ಅವನದೂ ಹಾಗೇ ಇರಬೇಕು, ಕೇಳಲಿಲ್ಲ.

ಕೊನೇದು ಒಂದು ತಗಡಿನ ಶೆಡ್ಡು. ಒಳಗೆ ಮಗ್ಗ ಆಡ್ತಿತ್ತು. ಕಟಕ್... ಪಟ್. ಕಟಕ್... ಪಟ್. ಮಗ್ಗದ ಮುಂದೆ ಒಂದು ಮುದುಕಿ. ಗೂಟದಲ್ಲಿ ಬೂದುಬಣ್ಣದ ಉಣ್ಣೆ ಶಾಲು ನೇತುಹಾಕಿತ್ತು, ಅಂಚಲ್ಲಿ ಹಸಿರು ಗೆರೆ. ಸ್ವಾಮಿ ಅದನ್ನ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡಿದ, ಗೂಡಿನ ನೂಲು ನೋಡೋ ಹಾಗೆ. "ಇದು" ಅಂದ.

ಮುದುಕಿ ತಲೆಯಾಡಿಸಿದಳು. ಒಂದು ಕಡೆ ನೂಲಿನ ತುದಿಗಳನ್ನ ಕಟ್ಟಿ ಆಗಿದೆ, ಇನ್ನೊಂದು ಕಡೆ ಹಾಗೇ ಬಿಟ್ಟಿದೆ, ನಾಳೆ ಕಟ್ಟಿಕೊಡ್ತೀನಿ, ಬನ್ನಿ ಅಂದಳು. ಅಷ್ಟು ನನಗೆ ಅರ್ಥವಾಯಿತು.

"ನಾಳೆ ಅಮಾಸೆ ಇರಲ್ಲ ಅನ್ನು" ಅಂದ ಸ್ವಾಮಿ.

ನನ್ನ ಇಂಗ್ಲಿಷಲ್ಲಿ ಅಂದೆ. ಆಯಮ್ಮ ಎದ್ದುಹೋಗಿ ಕಿಟಕಿಯಲ್ಲಿ ಚಂದ್ರನನ್ನ ಹುಡುಕಿದಳು. ಆಮೇಲೆ ಸ್ವಾಮಿಯ ಮುಖ ನೋಡಿದಳು. ಶಾಲನ್ನ ಕಂದು ಕಾಗದದಲ್ಲಿ ಸುತ್ತಿ ಕೊಟ್ಟಳು. ಬಿಟ್ಟ ತುದಿ ಬಿಟ್ಟ ಹಾಗೇ.

ಕೊನೇ ಬಸ್ಸು ತಪ್ಪಿತು. ನಡೆದೆವು. ಆರೂವರೆಗೇ ಮೋಡ ಕವಿದು ಕತ್ತಲು. ದಾರೀಲಿ ಒಂದು ಬಾವಿ ಸಿಗುತ್ತೆ, ಮೊಣಕಾಲೆತ್ತರದ ಕಲ್ಲುಕಟ್ಟೆ. ಪಕ್ಕದ ಗಿಡದ ತುಂಬ ಬಟ್ಟೆಚೂರು ಕಟ್ಟಿದ್ದಾರೆ, ನಮ್ಮಲ್ಲಿ ಹರಕೆಗೆ ಕಟ್ಟೋ ಹಾಗೆ. ನೆಂದ ಚೂರುಗಳು ಒಂದಕ್ಕೊಂದು ಬಡೀತಿದ್ದವು. ಪಟಪಟ... ಪಟಪಟ. ಬಾವಿ ದಾಟಿದೆವು. ಹಿಂದೆ ಇನ್ನೊಂದು ಸದ್ದು ಶುರುವಾಯಿತು.

ಟಿಕ್...

ನಾಲ್ಕು ಹೆಜ್ಜೆ.

ಟಿಕ್...

ಮಲ್ಲಿಯ ಎಡಗಾಲಿನ ಉಂಗುರ ಸಡಿಲ. ನಡೆದರೆ ನೆಲಕ್ಕೆ ತಾಗೋದು. ಅದರ ಸಮೇತವೇ ಮಣ್ಣು ಮಾಡಿದ್ದೆವು. ಸ್ವಾಮಿ ನನ್ನ ತೋಳು ಹಿಡಿದ.

"ಕೇಳುಸ್ತಾ?"

"ಕುರಿ ಕಣ್ಲಾ."

"ಕುರಿ ಕಾಲುಂಗುರ ಆಕತಾವಾ?"

"ತಿರುಗ್ಬೇಡ. ನಡಿ."

ನಾನು ಹೆದರಲಿಲ್ಲ. ನನ್ನ ಮಂಡಿಗಳು ಹೆದರಿದವು, ಅವುಗಳ ಜೊತೆ ನಾನೂ ಓಡಿದೆ. ಸ್ವಾಮಿ ಓಡಲಿಲ್ಲ. ಹಿಂದೆ ಬರೋರಿಗೆ ದಾರಿ ತಪ್ಪಬಾರದು ಅನ್ನೋ ಹಾಗೆ ನಿಧಾನಕ್ಕೆ ನಡೆದು ಬಂದ.

ಕವಿತ ಡ್ಯೂಟಿಯಿಂದ ಬಂದು ಮುದ್ದೆ ತೊಳಸಿ, ಹುಚ್ಚೆಳ್ಳು ಚಟ್ನಿ ಅರೆದು, ಎಳ್ಳುಂಡೆ ಕಟ್ಟಿದ್ದಳು. ಮುಂದಿನ ಕೋಣೆಯಲ್ಲಿ ಎಡೆ ಇಟ್ಟೆವು. ಒಂದು ಲೋಟ ನೀರು. ಪಕ್ಕದಲ್ಲಿ ಶಾಲು, ಬಿಟ್ಟ ತುದಿ ಹೊರಕ್ಕೆ ಮಾಡಿ. ದೀಪ ಹಚ್ಚಿ ಬಾಗಿಲು ಎಳಕೊಂಡು ಮೂವರೂ ಸೂರಿನ ಕೆಳಗೆ ನಿಂತೆವು. ಸೂರು ಅಂದರೆ ಒಂದು ಗೇಣು. ಹಂಚಿನ ಮೇಲೆ ಮಳೆ ಒಂದೇ ಸಮ ಹೊಯ್ಯುತ್ತಿತ್ತು. ಸ್ವಾಮಿ ಕಿವಿ ಮುಚ್ಚಿಕೊಂಡ.

"ಯಾಕಪ್ಪ?"

"ಹುಳ ಸೊಪ್ಪು ತಿಂದಂಗೆ ಕೇಳುಸ್ತದೆ ಕಣವ್ವ."

ಕವಿತ ಅವನ ಕೈಗಳನ್ನ ಹಿಡಿದು ಕೆಳಗಿಳಿಸಿದಳು. ಅವನ ಕಿವಿ ತೆರೆದ ಹೊತ್ತಿಗೇ...

ಟಣ್. ಟಣ್.

ಒಳಗಿಂದ.

ನಾನು ಅವನ ಜರ್ಕಿನ್ನು ಹಿಡಿದೆ. "ಬ್ಯಾಡ ಕಣ್ಲಾ. ಎಡೆ ಮುಂದೆ ಓಗ್ಬಾರ್ದು. ತಟ್ಟಿ ಓಗ್ಬೇಕು, ಆಮ್ಯಾಕೆ..."

"ಒಂದ್ಸಲ ಇರು ಅಂದಿದ್ದೆ" ಅಂದ ಸ್ವಾಮಿ. ಸ್ವರದಲ್ಲಿ ಏರಿಳಿತ ಇರಲಿಲ್ಲ. ಬೂಟು, ಕಾಲುಚೀಲ ಕಳಚಿಟ್ಟ. ತಟ್ಟದೆ ಬಾಗಿಲು ಸರಿಸಿ ಒಳಗೆ ಹೋಗಿ ಹಿಂದಿಂದ ಎಳಕೊಂಡ.

ಮಳೆ. ಆಮೇಲೆ ಮಳೆಯ ಕೆಳಗೆ, ಸಣ್ಣಗೆ...

ಸರ್ರ್... ಕಟ್.

ಸರ್ರ್... ಕಟ್.

ಕವಿತ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ. ಎಷ್ಟು ಹೊತ್ತು ಅಂತ ಕೇಳಬೇಡಿ. ಹತ್ತು ನಿಮಿಷ ಇರಬಹುದು, ಅರ್ಧ ಗಂಟೆ ಇರಬಹುದು. ಒಳಗಿದ್ದದ್ದು ನನ್ನ ತಂಗಿ. ನಾನು ಎತ್ತಿ ಆಡಿಸಿದ ಹುಡುಗಿ. ಅಷ್ಟು ಗೊತ್ತಿದ್ದೂ ನನಗೆ ಅನ್ನಿಸ್ತಿದ್ದದ್ದು ಒಂದೇ: ಅವನನ್ನೂ ಜೊತೆಗೆ ಕರಕೊಂಡು ಹೋಗಿಬಿಟ್ಟರೆ?

ನಾನು ಬಾಗಿಲು ತಟ್ಟಿದೆ.

ಸದ್ದು ನಿಂತಿತು.

ಟಿಕ್... ಟಿಕ್... ಟಿಕ್... ಹಿತ್ತಲ ಕಡೆಗೆ. ಆಮೇಲೆ ಅದೂ ಇಲ್ಲ.

ಒಳಗೆ ಹೋದೆವು. ಮುದ್ದೆ ಹಾಗೇ ಇತ್ತು, ಎಳ್ಳುಂಡೆ ಹಾಗೇ ಇತ್ತು. ಸ್ವಾಮಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಶಾಲು ಅವನ ತೊಡೆ ಮೇಲೆ. ಬಿಟ್ಟಿದ್ದ ತುದಿಗಳಿಗೆ ಸಾಲಾಗಿ ಕುಚ್ಚು ಕಟ್ಟಿತ್ತು. ಉಣ್ಣೆಗೆ ಹಾಕೋ ಗಂಟಲ್ಲ ಅದು, ಸೆರಗಿಗೆ ಹಾಕೋದು. ನಮ್ಮ ಮಲ್ಲಿ ಹಾಕ್ತಿದ್ದ ಹಾಗೆ ದಾರವನ್ನ ಎಡಕ್ಕೆ ಸುತ್ತಿದ್ದು. ಸ್ವಾಮಿ ಹುಟ್ಟಿದಾಗಿಂದ ಒಂದು ಕುಚ್ಚು ಕಟ್ಟಿದವನಲ್ಲ, ಅವನಿಗೆ ಬರ್ತಿದ್ದದ್ದು ದಾರ ಹಿಡಿದು ಕೂರೋದು ಒಂದೇ. ಅವನ ಹೆಬ್ಬೆರಳ ಬುಡದಲ್ಲಿ ಕೆಂಪಗೆ ದಾರದ ಬರೆ ಎದ್ದಿತ್ತು.

ಸಾಲಿನ ಕೊನೆಯಲ್ಲಿ ಮೂರು ಗೊಂಚಲು ಹಾಗೇ ಬಿಚ್ಚಿಕೊಂಡಿದ್ದವು.

ಸ್ವಾಮಿ ಅವನ್ನ ಬೆರಳಲ್ಲಿ ನೇವರಿಸಿದ. ನನ್ನನ್ನ ನೋಡಲಿಲ್ಲ. "ಇನ್ ಮೂರೇ ಇತ್ತು ಬಾವ" ಅಂದ. ಎದ್ದು ಕೈ ತೊಳಕೊಂಡು ಎಡೆ ಮುಂದೆ ಕೂತು ಉಂಡ. ತಾನಾಗಿ ಕೇಳಿ ಇಕ್ಕಿಸಿಕೊಂಡು ಉಂಡ. ಅವತ್ತೂ ಅಳಲಿಲ್ಲ.

ಸೂಟ್‌ಕೇಸು ಶುಕ್ರವಾರ ಬಂತು. ಆ ಸೀರೆ ಈಗ ಕವಿತನ ಹತ್ತಿರ ಇದೆ. ಶಾಲು ಹಲಗೂರಲ್ಲಿದೆ. ಅವರ ಮನೆ ಎದುರಿನ ಚಲುವಮ್ಮ ಕುಚ್ಚಿನ ಕೆಲಸ ಬಲ್ಲವಳು. ನಾನೇ ಹೇಳಿ ಆ ಮೂರನ್ನ ಕಟ್ಟಿಸಿದೆ. ಬೆಳಿಗ್ಗೆ ನೋಡಿದರೆ ಬಿಚ್ಚಿತ್ತು. ನಿನ್ನ ಗಂಟು ಸರಿಯಿಲ್ಲ ಕಣಮ್ಮ ಅಂತ ಅವಳನ್ನ ಬೈದು ಇನ್ನೊಂದು ಸಲ ಕಟ್ಟಿಸಿದೆ. ಮತ್ತೂ ಬಿಚ್ಚಿತ್ತು. ಆಮೇಲೆ ಕಟ್ಟಿಸಕ್ಕೆ ಹೋಗಿಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಹುಲಿ ಕತೆ ಸುಳ್ಳು, ವಡೆ ಕತೆಯಲ್ಲಿ ಅರ್ಧ ಸುಳ್ಳು. ಇದರಲ್ಲಿ ಸುಳ್ಳು ಸೇರಿಸೋ ಹಾಗಿದ್ದಿದ್ದರೆ ಮೊದಲು ಆ ಬಾಗಿಲು ತಟ್ಟಿದ್ದನ್ನ ತೆಗೀತಿದ್ದೆ. ಹಲಗೂರು ಬಸ್‌ಸ್ಟಾಪಲ್ಲಿ ಇಳಿದು ಹುಳದ ಮನೆ ಸ್ವಾಮಿ ಅಂತ ಕೇಳಿ. ಶಾಲು ಗೂಟದಲ್ಲಿದೆ. ಎಡಗಡೆ ತುದಿಯಲ್ಲಿ ಮೂರು.