ಚಿರತೆಹಲ್ಲಿ ಮರಿಗಳ ಡಬ್ಬಿ

ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಾಗರದ ಬಸ್ಸಿಗೆ ಕಾದಿದ್ದ ಮೂಕಮ್ಮನ ಎದುರಿಗೇ, ರಜೆ ಮುಗಿಸಿ ಬಂದಿಳಿದ ಕಾಲೇಜಿನ ಮೇಡಂ ಚಿರತೆಯಂಥ ಚುಕ್ಕೆಗಳ ಹಲ್ಲಿ ಸಾಕುವ ತಮ್ಮ ಲ್ಯಾಬಿನ ಅಟೆಂಡರ್ ಚಂದ್ರಯ್ಯನನ್ನು ನಿಲ್ಲಿಸಿ ಕೇಳಿದರು.

“ಚಿರತೆಹಲ್ಲಿ ಮರಿಗಳಿಗೆ ಬೇರೆಬೇರೆ ಡಬ್ಬಿ ಮಾಡಿದ್ರಾ?”

“ಆರು ಮರಿಗೂ ಆರು ಡಬ್ಬಿ ಮೇಡಂ. ಅಡಗೋಕೆ ಹಂಚಿನ ಚೂರು, ತಂಪಿಗೆ ಒದ್ದೆ ಬಟ್ಟೆ, ಎಲ್ಲ ನೀವು ಹೇಳ್ದಂಗೇ.”

“ಇರುವೆ ಮುತ್ಲಿಲ್ಲ ತಾನೆ?”

“ಒಂದೂ ಇಲ್ಲ. ಮನೇಲಿ ಹಾಕ್ತೀವಲ್ಲ, ಹಂಗೇ ಡಬ್ಬಿ ಒಳಗೂ ಹೊರಗೂ ಗಮಾಕ್ಸಿನ್ ಪುಡಿ ಉದುರಿಸ್ದೆ.”

“ಅಯ್ಯೋ, ಅದು ವಿಷ ಅಲ್ವೇನ್ರೀ! ಮರಿಗಳು ಹೆಂಗಿದಾವೆ?”

“ನಿನ್ನೆಯಿಂದ ಮಲ್ಗೇ ಇದಾವೆ. ನಿದ್ದೆ ಕೆಡೋದು ಬೇಡ ಅಂತ ಮುಟ್ಲಿಲ್ಲ.”

ಮೇಡಂ ಕಾಲೇಜಿನತ್ತ ದಾಪುಗಾಲು ಹಾಕಿದರು; ಚಂದ್ರಯ್ಯ ಹಿಂದೆ ಓಡಿದ.

ಬಸ್ಸು ಬಂದರೂ ಮೂಕಮ್ಮ ಹತ್ತಲಿಲ್ಲ. ಬೆಳಿಗ್ಗೆ ಮೊಮ್ಮಗುವಿನ ತೊಟ್ಟಿಲ ಕೆಳಗೆ ಅದೇ ಪುಡಿಯನ್ನು ಕೈತುಂಬ ಚೆಲ್ಲಿ ಬಂದಿದ್ದಳು.